ಮೊಳಕೆಗೆ ನಂಬರ್ ಹಚ್ಚುವವರಿಗೆ ನಮ್ಮದೊಂದು ತಕರಾರು

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಅದೇ ಹಿರಿಯರು ಗೇಣುದ್ದದ ರಾಗಿ ಪೈರು ನೋಡಿ, ಈ ಹೊಲದಲ್ಲಿ ಇಷ್ಟೇ ಮೂಟೆ ಆಗುತ್ತದೆ ಅಂತ ಯಾರಿಗೂ ಬರೆದುಕೊಟ್ಟಿಲ್ಲ. ನಡುವೆ ಮಳೆ ಇದೆ, ಹುಳ ಇದೆ, ಕಾಡುಹಂದಿ ಇದೆ ಅಂತ ಅವರಿಗೆ ಗೊತ್ತಿತ್ತು.

ಅಮೆರಿಕದ ಬೇಸ್‌ಬಾಲ್‌ನವರು ಮಾತ್ರ ಬರೆದುಕೊಡುತ್ತಾರೆ. ಹದಿನಾರು, ಹದಿನೇಳು, ಹದಿನೆಂಟರ ಹುಡುಗರನ್ನು ಸಾಲಾಗಿ ನಿಲ್ಲಿಸಿ 1, 2, 3 ಅಂತ ನಂಬರ್ ಹಚ್ಚುವುದು ಅಲ್ಲಿ ದೊಡ್ಡ ವ್ಯಾಪಾರ. ‘ಭವಿಷ್ಯದ ಟಾಪ್ 100’ ಪಟ್ಟಿಗಳನ್ನು ಹೊರಡಿಸುವ ಪತ್ರಿಕೆಗಳಿವೆ, ಅದನ್ನು ಓದಲು ದುಡ್ಡು ಕೊಡುವ ಜನ ಇದ್ದಾರೆ.

ಬೇಸ್‌ಬಾಲ್ ಕಟ್ಟಿಕೊಂಡು ನಮಗೇನಾಗಬೇಕು ಅಂತೀರಾ? ಆಗಬೇಕಾದ್ದು ಇದೆ. ನಮ್ಮ ಕಡೆಯೂ ಕ್ರಿಕೆಟ್, ಕಬಡ್ಡಿಗೆ ‘ಟ್ಯಾಲೆಂಟ್ ಹಂಟ್’ ಶುರುವಾಗಿದೆ. ‘ತಾಲ್ಲೂಕಿನ ಟಾಪ್ 10 ಬಾಲ್ಯ ಪ್ರತಿಭೆಗಳು’ ಅಂತ ಮೊಬೈಲಿನಲ್ಲಿ ಪಟ್ಟಿ ಓಡಾಡುತ್ತಿದೆ. ನಾವು ಈಗ ಶುರು ಮಾಡಿದ್ದನ್ನು ಅಮೆರಿಕದವರು 1965ರಿಂದ ಮಾಡುತ್ತಿದ್ದಾರೆ. ಯಾರನ್ನು ಎಷ್ಟನೆಯವನಾಗಿ ಆರಿಸಿದರು, ಅವನು ಕೊನೆಗೆ ಏನಾದ ಅನ್ನುವ ಲೆಕ್ಕ ಪೂರ್ತಿ ಅವರ ಹತ್ತಿರ ಇದೆ. ಆ ಲೆಕ್ಕವನ್ನು ಒಮ್ಮೆ ತೆಗೆದು ನೋಡೋಣ.

ಒಂದೇ ವೇದಿಕೆ, ಇಬ್ಬರು ಆಟಗಾರರು

ಪದ್ಧತಿ ಹೀಗಿದೆ. ವರ್ಷಕ್ಕೊಮ್ಮೆ ‘ಡ್ರಾಫ್ಟ್’ ನಡೆಯುತ್ತದೆ. ಶಾಲೆ, ಕಾಲೇಜಿನ ಆಟಗಾರರನ್ನು ತಂಡಗಳು ಸರದಿಯ ಮೇಲೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಮೊದಲು ಆಯ್ಕೆಯಾದವನಿಗೆ ಕೋಟಿಗಟ್ಟಲೆ ಹಣ, ಕೊನೆಯವನಿಗೆ ಬಸ್ ಚಾರ್ಜು ಅಂದರೂ ತಪ್ಪಿಲ್ಲ.

1987ರಲ್ಲಿ ಮೊದಲನೆಯವನಾಗಿ ಆಯ್ಕೆಯಾದವನು ಕೆನ್ ಗ್ರಿಫಿ ಜೂನಿಯರ್. ಮರುವರ್ಷ, 1988ರಲ್ಲಿ, 62ನೇ ಸುತ್ತಿನಲ್ಲಿ, 1,390ನೆಯವನಾಗಿ ಆಯ್ಕೆಯಾದವನು ಮೈಕ್ ಪಿಯಾಜ಼ಾ. 2016ರಲ್ಲಿ ಬೇಸ್‌ಬಾಲ್‌ನ ಅತಿ ದೊಡ್ಡ ಗೌರವವಾದ ‘ಹಾಲ್ ಆಫ್ ಫೇಮ್’ಗೆ ಇಬ್ಬರು ಆಟಗಾರರು ಸೇರಿದರು. ಯಾರು? ಇವರಿಬ್ಬರೇ. 1ನೆಯವನು ಮತ್ತು 1,390ನೆಯವನು ಒಂದೇ ದಿನ, ಒಂದೇ ವೇದಿಕೆಯ ಮೇಲೆ.

ಪಿಯಾಜ಼ಾ ಆಡುತ್ತಿದ್ದದ್ದು ಕ್ಯಾಚರ್ ಜಾಗದಲ್ಲಿ, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಹೋಮ್ ರನ್ ಅಂದರೆ ಸುಮಾರಾಗಿ ನಮ್ಮ ಸಿಕ್ಸರ್. ಕ್ಯಾಚರ್ ಆಗಿ ಆಡುತ್ತಾ ಅವನು ಹೊಡೆದ 396 ಹೋಮ್ ರನ್ನುಗಳನ್ನು ಬೇರೆ ಯಾವ ಕ್ಯಾಚರ್ ಕೂಡ ದಾಟಿಲ್ಲ.

ಇನ್ನೊಂದು ವಿಷಯ ಕೇಳಿ. ಅವನು 1,390ನೆಯವನಾಗಿಯಾದರೂ ಒಳಗೆ ಬಂದದ್ದು ವಶೀಲಿಯಿಂದ. ಡಾಜರ್ಸ್ ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಅವನ ಅಪ್ಪನ ಸ್ನೇಹಿತ. ಸ್ನೇಹಿತನ ಮಗ ಅಂತ ಹೆಸರು ಸೇರಿಸಿದರು. ಪಟ್ಟಿ ಮಾಡುವವರು ಕಣ್ಣಾರೆ ಕಂಡು ಆರಿಸಿದವನಲ್ಲ ಅವನು.

ಪಿಯಾಜ಼ಾನ ಕಥೆ ಹೇಳಿ, ನೋಡಿ, ಪ್ರತಿಭೆ ಇದ್ದರೆ ಗೆದ್ದೇ ಗೆಲ್ಲುತ್ತದೆ ಅನ್ನುವವರಿದ್ದಾರೆ. ನಾವು ಕೇಳುವುದು ಬೇರೆ. ಲಸೋರ್ಡಾನಂಥ ಸ್ನೇಹಿತ ಯಾರ ಅಪ್ಪನಿಗೆ ಇರಲಿಲ್ಲವೋ, ಆ ಹುಡುಗರ ಕಥೆ ಏನಾಯಿತು? ಅವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಹಲ್ಲು ನೋಡಿ ಎತ್ತು ಕೊಂಡ ಹಾಗೆ

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡಿಗೆ ನೋಡುತ್ತಾರೆ. ಬೇಸ್‌ಬಾಲ್‌ನಲ್ಲಿ ಆ ಕೆಲಸ ಮಾಡುವವರಿಗೆ ಸ್ಕೌಟ್ ಅನ್ನುತ್ತಾರೆ. ಬ್ಯಾಟರ್ ಆದರೆ ಐದು ವಿಷಯ ನೋಡುತ್ತಾರೆ: ಚೆಂಡಿಗೆ ಬ್ಯಾಟ್ ತಾಗಿಸುವುದು, ದೂರ ಹೊಡೆಯುವುದು, ಓಟ, ಫೀಲ್ಡಿಂಗ್, ಎಸೆತದ ಬಲ. ಒಂದೊಂದಕ್ಕೂ 20ರಿಂದ 80ರವರೆಗೆ ಅಂಕ. 50 ಬಂದರೆ ದೊಡ್ಡ ಲೀಗಿನ ಸಾಧಾರಣ ಆಟಗಾರನ ಮಟ್ಟ.

ಇಲ್ಲಿಯವರೆಗೆ ನಮ್ಮ ತಕರಾರಿಲ್ಲ. ಹುಡುಗ ಇವತ್ತು ಎಷ್ಟು ಜೋರಾಗಿ ಓಡುತ್ತಾನೆ ಅಂತ ಗಡಿಯಾರ ಹಿಡಿದು ನೋಡಿದರೆ ತಪ್ಪೇನು? ತಕರಾರು ಇರುವುದು ಎರಡನೇ ಅಂಕದ ಮೇಲೆ. ಸ್ಕೌಟುಗಳು ಪ್ರತಿ ವಿಷಯಕ್ಕೂ ಎರಡು ಅಂಕ ಕೊಡುತ್ತಾರೆ. ಒಂದು ಇವತ್ತಿನದು, ಇನ್ನೊಂದು ‘ಮುಂದೆ ಆಗಬಹುದಾದದ್ದು’. ಮೊದಲನೆಯದು ಅಳತೆ, ಎರಡನೆಯದು ಪಂಚಾಂಗ. ಪಟ್ಟಿ ತಯಾರಾಗುವುದು ಈ ಎರಡನೆಯದರ ಮೇಲೆ. ಓದುವವರು ಮಾತ್ರ ಎರಡನ್ನೂ ಅಳತೆ ಅಂತಲೇ ನಂಬುತ್ತಾರೆ, ಯಾಕೆಂದರೆ ಎರಡೂ ಅಂಕಿಯಲ್ಲೇ ಇರುತ್ತವೆ.

ಪಂಚಾಂಗ ಎಷ್ಟು ಸಲ ಸುಳ್ಳಾಗಿದೆ ನೋಡಿ.

1966ರಲ್ಲಿ ನ್ಯೂಯಾರ್ಕ್ ಮೆಟ್ಸ್ ಮೊದಲನೆಯವನಾಗಿ ಆರಿಸಿದ ಸ್ಟೀವ್ ಚಿಲ್ಕಾಟ್ ದೊಡ್ಡ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅವರು ಬಿಟ್ಟದ್ದನ್ನು ಎರಡನೆಯವರು ಎತ್ತಿಕೊಂಡರು. ಆ ಹುಡುಗನ ಹೆಸರು ರೆಜಿ ಜಾಕ್ಸನ್, ಮುಂದೆ ಹೊಡೆದದ್ದು 563 ಹೋಮ್ ರನ್.

1991ರಲ್ಲಿ ಯಾಂಕೀಸ್ ತಂಡ 15.5 ಲಕ್ಷ ಡಾಲರ್ ಕೊಟ್ಟು ಮೊದಲನೆಯವನಾಗಿ ತೆಗೆದುಕೊಂಡ ಬ್ರಯನ್ ಟೇಲರ್‌ನ ಭುಜಕ್ಕೆ ಮೈದಾನದ ಹೊರಗೆ ಪೆಟ್ಟಾಯಿತು. ಅವನೂ ದೊಡ್ಡ ಲೀಗಿಗೆ ಬರಲೇ ಇಲ್ಲ. 2013ರ ಮೊದಲನೆಯವ ಮಾರ್ಕ್ ಅಪೆಲ್ ನಡುವೆ ಆಟವನ್ನೇ ಬಿಟ್ಟು, ಮತ್ತೆ ಬಂದು, ಆಯ್ಕೆಯಾದ 9 ವರ್ಷದ ಮೇಲೆ, 30ನೇ ವಯಸ್ಸಿನಲ್ಲಿ ಮೊದಲ ಪಂದ್ಯ ಆಡಿದ.

ಇನ್ನು ಕೆಳಗಿನವರು. 1999ರಲ್ಲಿ 402ನೆಯವನಾದ ಆಲ್ಬರ್ಟ್ ಪೂಹೋಲ್ಸ್ 703 ಹೋಮ್ ರನ್ ಹೊಡೆದು ನಿವೃತ್ತನಾದ. 700 ದಾಟಿದವರು ಇಡೀ ಇತಿಹಾಸದಲ್ಲಿ ನಾಲ್ಕೇ ಜನ. ವೆನೆಜುವೆಲಾದ ಹೋಸೆ ಆಲ್ಟೂವೆಯನ್ನು ಆಯ್ಕೆ ಶಿಬಿರದಿಂದ ಮೊದಲ ದಿನವೇ ಕುಳ್ಳ ಅಂತ ಮನೆಗೆ ಕಳಿಸಿದ್ದರು. ನಾಳೆ ಮತ್ತೆ ಹೋಗು ಅಂತ ಅವನ ಅಪ್ಪ ಒತ್ತಾಯ ಮಾಡಿದರು. ಹೋದ. 15 ಸಾವಿರ ಡಾಲರಿಗೆ ಸಹಿ ಹಾಕಿಸಿಕೊಂಡರು. 2017ರಲ್ಲಿ ಅವನು ಅಮೆರಿಕನ್ ಲೀಗಿನ ಅತ್ಯುತ್ತಮ ಆಟಗಾರ.

ಪಟ್ಟಿ ಕೆಲವು ಸಲ ನಿಜವಾಗುತ್ತದೆ, ಒಪ್ಪುತ್ತೇವೆ. ಗ್ರಿಫಿ ನಿಜವಾದ. ಮೇಲಿನವರು ಗೆಲ್ಲುವುದು ಕೆಳಗಿನವರಿಗಿಂತ ಹೆಚ್ಚು ಅನ್ನುವುದೂ ನಿಜ. ಆದರೆ ಅದರಲ್ಲೂ ಒಂದು ಗುಟ್ಟಿದೆ. ಕೋಟಿ ಕೊಟ್ಟು ತಂದವನಿಗೆ ತಂಡ ಹತ್ತು ಅವಕಾಶ ಕೊಡುತ್ತದೆ, ಯಾಕೆಂದರೆ ಹಾಕಿದ ದುಡ್ಡು ಹುಟ್ಟಬೇಕು. ಬಸ್ ಚಾರ್ಜಿನವನಿಗೆ ಸಿಗುವುದು ಒಂದೋ ಎರಡೋ. ಒಂದು ಮಡಿಗೆ ಗೊಬ್ಬರ, ನೀರು ಎಲ್ಲಾ ಹಾಕಿ, ಪಕ್ಕದ್ದನ್ನು ಒಣಗಲು ಬಿಟ್ಟು, ನೋಡಿ ನಾನು ಹೇಳಿದ ಮಡಿಯೇ ಬೆಳೆಯಿತು ಅಂದರೆ ರೈತ ನಗುತ್ತಾನೆ.

ಹುಟ್ಟಿದ ತಿಂಗಳೂ ಅಂಕ ಕೊಡುತ್ತದೆ

ಅಮೆರಿಕದ ಮಕ್ಕಳ ಬೇಸ್‌ಬಾಲ್‌ನಲ್ಲಿ ವಯಸ್ಸು ಲೆಕ್ಕ ಹಾಕುವ ಕೊನೆಯ ದಿನ ಬಹುಕಾಲ ಜುಲೈ 31 ಆಗಿತ್ತು. ಅಂದರೆ ಆಗಸ್ಟ್‌ನಲ್ಲಿ ಹುಟ್ಟಿದವನು ತನ್ನ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವನು, ಜುಲೈನವನು ಎಲ್ಲರಿಗಿಂತ ಚಿಕ್ಕವನು. ಹತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳ ವ್ಯತ್ಯಾಸ ಎಷ್ಟು ಅಂತ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ. ಪರಿಣಾಮ ಏನು? ಅಮೆರಿಕದಲ್ಲಿ ಹುಟ್ಟಿ ದೊಡ್ಡ ಲೀಗ್ ಮುಟ್ಟಿದವರಲ್ಲಿ ಜುಲೈನವರಿಗಿಂತ ಆಗಸ್ಟ್‌ನವರು ಹೆಚ್ಚು. ಪ್ರತಿಭೆಗೆ ಆಗಸ್ಟ್ ಮೇಲೆ ಯಾವ ಪ್ರೀತಿಯೂ ಇಲ್ಲ. ಚಿಕ್ಕಂದಿನಲ್ಲಿ ಮೈಕಟ್ಟು ನೋಡಿ ‘ಇವನು ಚುರುಕು’ ಅಂದರು, ಚುರುಕು ಅಂದವನಿಗೆ ಕೋಚ್ ಸಿಕ್ಕಿದ, ಆಟ ಸಿಕ್ಕಿತು, ಅಷ್ಟೇ.

ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಅದು. ಆ ತಾರೀಕು ನಂಬಿ 14ರೊಳಗಿನವರ ಪಟ್ಟಿ ಮಾಡುವವರು ಏನನ್ನು ಅಳೆಯುತ್ತಿದ್ದಾರೆ ಅಂತ ನೀವೇ ಯೋಚಿಸಿ.

ಟವೆಲ್ ಅಡಿಯ ವ್ಯವಹಾರ

ಡ್ರಾಫ್ಟ್ ಅಮೆರಿಕದ ಮಕ್ಕಳಿಗೆ. ಹೊರದೇಶದ ಬಡ ಮಕ್ಕಳ ಕಥೆ ಇನ್ನೂ ಕೆಟ್ಟದ್ದು. ಡೊಮಿನಿಕನ್ ರಿಪಬ್ಲಿಕ್ ಅಂತ ಕೆರಿಬಿಯನ್ ಸಮುದ್ರದಲ್ಲಿ ಒಂದು ದೇಶ. ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆಗಳ ನಾಡು. ಮಂಡ್ಯದವರಿಗೂ ಬೆಳಗಾವಿಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ 30 ತಂಡಗಳೂ ಅಲ್ಲಿ ಅಕಾಡೆಮಿ ಇಟ್ಟಿವೆ.

ನಿಯಮದ ಪ್ರಕಾರ 16ಕ್ಕೆ ಮೊದಲು ಯಾವ ಹುಡುಗನ ಸಹಿಯನ್ನೂ ಹಾಕಿಸಿಕೊಳ್ಳುವಂತಿಲ್ಲ. ಆದರೆ 13, 14ಕ್ಕೇ ಬಾಯಿಮಾತಿನಲ್ಲಿ ವ್ಯಾಪಾರ ಮುಗಿದಿರುತ್ತದೆ ಅಂತ ಅಲ್ಲಿನ ಪತ್ರಕರ್ತರು ಮತ್ತೆ ಮತ್ತೆ ಬರೆದಿದ್ದಾರೆ. ದನದ ಜಾತ್ರೆಯಲ್ಲಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ರೇಟು ಕುದುರಿಸುವುದನ್ನು ನೋಡಿದ್ದೀರಲ್ಲ, ಹಾಗೆ. ಮಧ್ಯದಲ್ಲಿ ದಲ್ಲಾಳಿ. ಅವನೇ ತರಬೇತಿ ಕೊಡುತ್ತಾನೆ, ಊಟ ಹಾಕುತ್ತಾನೆ, ಸಹಿಯ ದಿನ ತನ್ನ ಪಾಲು ಮುರಿದುಕೊಳ್ಳುತ್ತಾನೆ. ಹುಡುಗ ಶಾಲೆ ಬಿಟ್ಟಿರುತ್ತಾನೆ. ಮಧ್ಯೆ ಮೊಣಕೈ ನೋವು ಬಂದರೆ, ಎತ್ತರ ಬೆಳೆಯದೆ ನಿಂತರೆ, ಬಾಯಿಮಾತಿಗೆ ಸಾಕ್ಷಿ ಎಲ್ಲಿದೆ? ಚಿಕ್ಕವನಾದಷ್ಟೂ ರೇಟು ಹೆಚ್ಚು, ಹಾಗಾಗಿ ಸುಳ್ಳು ವಯಸ್ಸು, ಸುಳ್ಳು ಹೆಸರಿನ ದಾಖಲೆಗಳೂ ಅಲ್ಲಿ ಸಿಕ್ಕಿಬಿದ್ದಿವೆ. ತಪ್ಪು ಹುಡುಗನದು ಅಂತ ಬರೆದವರೇ ಹೆಚ್ಚು. ಆ ಸಂತೆ ಕಟ್ಟಿದವರ ಬಗ್ಗೆ ಬರೆದವರು ಕಡಿಮೆ.

ಪಟ್ಟಿ ಕೇಳಿದ್ದನ್ನು ಕೈ ಕೊಡುತ್ತದೆ

ಪಟ್ಟಿ ಯಾವುದಕ್ಕೆ ಅಂಕ ಕೊಡುತ್ತದೋ ಮಕ್ಕಳು ಅದನ್ನೇ ಮಾಡುತ್ತಾರೆ. ಈಗ ಚೆಂಡು ಎಸೆಯುವ ಪಿಚರ್‌ಗೆ ವೇಗವೇ ಅಂಕ. ಹಾಗಾಗಿ ಮಕ್ಕಳು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಒಂದೊಂದು ಎಸೆತಕ್ಕೂ ಸುರಿಯುತ್ತಿದ್ದಾರೆ. ಮೊಣಕೈಯ ನರಕಟ್ಟು ಹರಿದು ಆಪರೇಷನ್ ಮಾಡಿಸಿಕೊಳ್ಳುವ ಹದಿಹರೆಯದವರು ಅಲ್ಲಿ ಈಗ ಸಾಮಾನ್ಯ. ವೇಗದ ಹಿಂದೆ ಬಿದ್ದದ್ದೇ ಗಾಯಗಳಿಗೆ ದೊಡ್ಡ ಕಾರಣ ಅಂತ ದೊಡ್ಡ ಲೀಗಿನ ಆಡಳಿತವೇ 2024ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಪಟ್ಟಿಗಳು ಮಾತ್ರ ನಿಂತಿಲ್ಲ.

ನಮ್ಮ ದೇಶದವರೂ ಈ ಗಾಳಕ್ಕೆ ಸಿಕ್ಕಿದ್ದುಂಟು. 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಅಂತ ಟಿವಿ ಸ್ಪರ್ಧೆ ನಡೆಯಿತು. ಉತ್ತರ ಪ್ರದೇಶದ ಹಳ್ಳಿಯ ಹುಡುಗರಾದ ರಿಂಕು ಸಿಂಗ್, ದಿನೇಶ್ ಪಟೇಲ್ ಆಯ್ಕೆಯಾದರು. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ಮುಖ್ಯವಾಗಿ ನೋಡಿದ್ದು ಎಸೆತದ ವೇಗ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರಿಗೂ ಸಹಿ ಹಾಕಿಸಿತು. 2014ರಲ್ಲಿ ಅವರ ಮೇಲೆ ಸಿನಿಮಾನೂ ಬಂತು. ಇಬ್ಬರೂ ದೊಡ್ಡ ಲೀಗಿನಲ್ಲಿ ಆಡಲಿಲ್ಲ. ಅವರ ಶ್ರಮದ ಬಗ್ಗೆ ನಮಗೆ ಗೌರವವೇ ಇದೆ. ಸೋತದ್ದು ಅವರಲ್ಲ, ಒಂದು ಅಂಕಿ ನೋಡಿ ಒಬ್ಬ ಆಟಗಾರನನ್ನು ಕಂಡೆವು ಅಂದುಕೊಂಡವರ ಲೆಕ್ಕ.

ನಮ್ಮ ತಪ್ಪೂ ಇದೆ

ಇಷ್ಟು ಹೇಳಿ ನಮ್ಮದನ್ನು ಮುಚ್ಚಿಟ್ಟರೆ ನ್ಯಾಯವಲ್ಲ. ಕೆಲವು ವರ್ಷದ ಹಿಂದೆ ನಾವೂ ಇಂಥದ್ದೊಂದು ಸುದ್ದಿ ಮಾಡಿದ್ದೆವು. 14 ವರ್ಷದ ಒಬ್ಬ ಬೌಲರ್. ‘ನಾಳಿನ ತಾರೆ’ ಅಂತ ಹೆಡ್ಡಿಂಗು, ಮೂರು ಕಾಲಂ, ಫೋಟೊ. ಅವನ ಅಪ್ಪ ಅದನ್ನು ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದರು. ಮುಂದಿನ ಆಯ್ಕೆಯಲ್ಲಿ ಹುಡುಗ ಉಳಿಯಲಿಲ್ಲ. ‘ಏನಪ್ಪಾ ತಾರೆ, ಯಾವಾಗ ಟಿವಿಯಲ್ಲಿ ಬರ್ತೀಯಾ?’ ಅಂತ ಊರವರು ರೇಗಿಸಿದರು. ನಾಚಿಕೆಗೆ ಮೈದಾನಕ್ಕೆ ಹೋಗುವುದನ್ನೇ ಬಿಟ್ಟ. ಈಗ ಲಗೇಜ್ ಆಟೋ ಓಡಿಸುತ್ತಾನೆ. ದುಡಿದು ತಿನ್ನುವುದರಲ್ಲಿ ಅವಮಾನವಿಲ್ಲ. ಆದರೆ ಆಡುವ ಖುಷಿಯನ್ನು ಅವನಿಂದ ಕಿತ್ತುಕೊಂಡದ್ದರಲ್ಲಿ ನಮ್ಮ ಮೂರು ಕಾಲಂ ಪಾಲಿದೆ. ಆ ಸುದ್ದಿಗೆ ನಾವು ತಿದ್ದುಪಡಿ ಹಾಕಲಿಲ್ಲ. ಪಟ್ಟಿ ಮಾಡುವವರು ಯಾರೂ ಹಾಕುವುದಿಲ್ಲ.

ಪಟ್ಟಿಯ ದೊಡ್ಡ ಅನ್ಯಾಯ ಇದೇ. ಅಂದಾಜು ತಪ್ಪಿದರೆ ಪಟ್ಟಿ ಮಾಡಿದವನಿಗೆ ನಷ್ಟವಿಲ್ಲ, ಮುಂದಿನ ವರ್ಷ ಹೊಸ ಪಟ್ಟಿ ಹೊರಡಿಸುತ್ತಾನೆ. ದಂಡ ಕಟ್ಟುವವನು ಹುಡುಗ.

ಆರಿಸುವುದೇ ಬೇಡ ಅಂತ ನಾವು ಹೇಳುತ್ತಿಲ್ಲ. ತಂಡದಲ್ಲಿ ಜಾಗ ಇಷ್ಟೇ ಇರುತ್ತದೆ, ಯಾರನ್ನಾದರೂ ಆರಿಸಲೇಬೇಕು. ನಾವು ಕೇಳುವುದು ಮೂರು ಮಾತು.

ಒಂದು, ಹೊಸ ಪಟ್ಟಿಯ ಪಕ್ಕದಲ್ಲೇ ಹತ್ತು ವರ್ಷದ ಹಿಂದಿನ ನಿಮ್ಮ ಪಟ್ಟಿಯನ್ನೂ ಹಾಕಿ, ಎಷ್ಟು ನಿಜವಾಯಿತು ತೋರಿಸಿ. ಎರಡು, 16 ತುಂಬದ ಮಕ್ಕಳಿಗೆ ನಂಬರ್ ಹಚ್ಚಬೇಡಿ. ಮೂರು, ಒಮ್ಮೆ ಬಿಟ್ಟವನಿಗೆ ಮತ್ತೆ ಬರುವ ಬಾಗಿಲು ತೆರೆದಿಡಿ. ಅಮೆರಿಕದವರು ಆ ಬಾಗಿಲನ್ನೇ ಮುಚ್ಚುತ್ತಿದ್ದಾರೆ. ಡ್ರಾಫ್ಟ್ ಈಗ 20 ಸುತ್ತಿಗೆ ನಿಂತಿದೆ, ತಂಡಗಳ ಕೆಳಗಿದ್ದ 160 ಕಿರಿಯ ತಂಡಗಳನ್ನು 2021ರಲ್ಲಿ 120ಕ್ಕೆ ಇಳಿಸಿದರು. ಇವತ್ತು ಇನ್ನೊಬ್ಬ ಪಿಯಾಜ಼ಾ ಬಂದರೆ, ವಶೀಲಿ ಇದ್ದರೂ, 62ನೇ ಸುತ್ತೇ ಇಲ್ಲ.

ನಮ್ಮ ಮಟ್ಟಿಗೆ ನಾವು ತೀರ್ಮಾನ ಮಾಡಿದ್ದೇವೆ. ಮಕ್ಕಳ ಆಟದ ಸುದ್ದಿ ಬರೆಯುತ್ತೇವೆ. ಇವತ್ತು ಎಷ್ಟು ವಿಕೆಟ್ ತೆಗೆದ, ಎಷ್ಟು ರೈಡ್ ಮಾಡಿದಳು, ಅದನ್ನು ಬರೆಯುತ್ತೇವೆ. ‘ನಾಳಿನ ತಾರೆ’ ಅಂತ ಇನ್ನು ಬರೆಯುವುದಿಲ್ಲ. ನಾಳೆಯ ಮಳೆ ನಮ್ಮ ಕೈಯಲ್ಲಿಲ್ಲ.