ವಾರಸಾ ಕಾಗದಗಳೂ ಕನ್ನಡ ನುಡಿಯೂ

ಕಳೆದ ವರ್ಷ ಧಾರವಾಡ ಜಿಲ್ಲೆಯ ಒಂದು ಹಳ್ಳಿಯಿಂದ ವಿಧವೆಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಅವರ ಯಜಮಾನರು ಸಾಲೆಯ ಮಾಸ್ತರರಾಗಿದ್ದು, ಮೃತ್ಯುಪತ್ರವನ್ನು ಬರೆಯದೆಯೇ ತೀರಿಕೊಂಡಿದ್ದರು. ಬ್ಯಾಂಕಿನಲ್ಲಿ ಅವರ ಠೇವು ಇದ್ದಿತು. ಹಿಂದೆಯೇ ಗತಿಸಿದ ಮೊದಲ ಹೆಂಡತಿಯ ಮಗನು ಆ ಹಣದ ಸಲುವಾಗಿ ಕೋರ್ಟಿನಲ್ಲಿ ವಾರಸಾ ಪ್ರಮಾಣಪತ್ರವನ್ನು ಬೇಡಿದನು. ಈ ತಾಯಿಯವರಿಗೆ ನೋಟೀಸು ಬಂದಿತು. ಮೇಲಿನ ನಾಲ್ಕು ಸಾಲು ಕನ್ನಡ. ಒಳಗಿನ ಅರ್ಜಿಯೆಲ್ಲವೂ ಇಂಗ್ಲಿಷು. “ಇದು ಬ್ಯಾಂಕಿನ ರೂಢಿಯವ್ವಾ, ನೀನು ಕೋರ್ಟಿಗೆ ಬರುವ ಕಾರಣವಿಲ್ಲ” ಎಂದು ಮಗನು ಹೇಳಿದನು. ಅವರು ಕಾಗದವನ್ನು ಪೆಟ್ಟಿಗೆಯಲ್ಲಿಟ್ಟರು. ತಾರೀಖು ಕಳೆಯಿತು, ಪ್ರಮಾಣಪತ್ರವು ಮಗನೊಬ್ಬನ ಹೆಸರಿಗೆ ಆಯಿತು, ಬ್ಯಾಂಕಿನವರು ಹಣ ಕೊಟ್ಟರು.

ನಾವು ಆ ಅರ್ಜಿಯನ್ನು ಓದಿ ನೋಡಿದೆವು. ಸಮೀಪದ ಬಂಧುಗಳ ಪಟ್ಟಿಯಲ್ಲಿ ಈ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಹೆಸರೇ ಇರಲಿಲ್ಲ! ಅವರು ನಿರಕ್ಷರರಲ್ಲ, ಕನ್ನಡ ಏಳನೆಯ ಇಯತ್ತೆಯವರೆಗೆ ಕಲಿತವರು, ಪುರಾಣವನ್ನೋದಿ ಓಣಿಯವರಿಗೆ ಅರ್ಥ ಹೇಳತಕ್ಕವರು. ಅರ್ಜಿಯು ಕನ್ನಡದಲ್ಲಿದ್ದರೆ ಒಂದೇ ನಿಮಿಷದಲ್ಲಿ ಕಳವು ಹೊರಬೀಳುತ್ತಿದ್ದಿತು.

ವಾಚಕರು ಇಲ್ಲಿ ಕಾಯದೆಯ ಮಾತನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಪ್ರೊಬೇಟು ಬೇರೆ, ವಾರಸಾ ಪ್ರಮಾಣಪತ್ರ ಬೇರೆ. ಮೃತ್ಯುಪತ್ರವು ಖರೆಯೆಂದು ಕೋರ್ಟು ಒತ್ತುವ ಮುದ್ರೆಗೆ ಪ್ರೊಬೇಟೆಂದು ಹೆಸರು. ಹಿಂದೂಗಳಿಗೆ ಅದು ಕಡ್ಡಾಯವಿದ್ದದ್ದು ಮುಖ್ಯವಾಗಿ ಮುಂಬಯಿ, ಮದ್ರಾಸು, ಕಲಕತ್ತೆಗಳ ಕಡೆಗೆ. 2025ರಲ್ಲಿ ಆ ಕಟ್ಟಳೆಯೂ ರದ್ದಾಯಿತು. ಮೃತ್ಯುಪತ್ರವಿಲ್ಲದವರ ಠೇವು, ಶೇರು, ಬರಬೇಕಾದ ಸಾಲ, ಇವುಗಳ ಸಲುವಾಗಿ 1925ರ ವಾರಸಾ ಕಾಯದೆಯಂತೆ ಪ್ರಮಾಣಪತ್ರವನ್ನು ಪಡೆಯುವರು. ಹೊಲಮನೆಗಳಿಗೆ ಅದು ಸಲ್ಲದು. ಅರ್ಜಿಯಲ್ಲಿ ಮರಣದ ತಾರೀಖು, ಮೃತರ ವಾಸಸ್ಥಳ, ಬಂಧುಗಳ ಹೆಸರು ಹಾಗೂ ವಾಸ, ಅರ್ಜಿದಾರನ ಹಕ್ಕು, ಹಣದ ವಿವರ ಇರಲೇಬೇಕು. ಈ ಪತ್ರವನ್ನು ನಂಬಿ ಹಣ ಕೊಟ್ಟ ಬ್ಯಾಂಕು ಪಾರಾಗುವದು. ಆದರೆ ಹಣವನ್ನೆಣಿಸಿಕೊಂಡವನು ಒಡೆಯನಾಗುವದಿಲ್ಲ. ಉಳಿದ ವಾರಸದಾರರಿಗೆ ಅವನು ಲೆಕ್ಕ ಒಪ್ಪಿಸಬೇಕು. ಸತ್ಯವನ್ನು ಮರೆಮಾಚಿ ಪಡೆದ ಪತ್ರವನ್ನು ಕೋರ್ಟು ತಿರುಗಿ ರದ್ದುಗೊಳಿಸಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯದೆಯಂತೆ ಮೃತರ ಸ್ವಂತ ಗಳಿಕೆಯಲ್ಲಿ ವಿಧವೆಗೂ ಮಗನಿಗೂ ಮಗಳಿಗೂ ಸಮಭಾಗ. ಮಾಸ್ತರರ ತಾಯಿ ಜೀವಿಸಿರಲಿಲ್ಲವಾದ್ದರಿಂದ ಇಲ್ಲಿ ಮೂವರಿಗೆ ಮೂರು ಪಾಲು.

ಆ ಕಾಯದೆಯು ಜೂನದಲ್ಲಿ ಜಾರಿಗೆ ಬಂದಿತು. ಅದೇ 1956ರ ನವೆಂಬರ 1ಕ್ಕೆ ಕನ್ನಡ ನಾಡು ಒಂದಾಯಿತು. ಅದಕ್ಕೂ ಮೊದಲು ನಿಜಾಮನ ಆಳಿಕೆಯ ಕಲಬುರ್ಗಿಯ ಕಕ್ಷಿಗಾರನು ತನ್ನ ತಂದೆಯ ಆಸ್ತಿಯ ತೀರ್ಪನ್ನು ಉರ್ದುವಿನಲ್ಲಿ ಪಡೆಯುತ್ತಿದ್ದನು. ಆ ದಿನಗಳು ಕಳೆದವು. ಜಿಲ್ಲಾ ಹಾಗೂ ತಾಲೂಕಾ ಕೋರ್ಟುಗಳ ನುಡಿಯು ಇಂದು ಕನ್ನಡವೇ ಆಗಿದೆ. ಆದರೆ ನಕಾಶೆಯಲ್ಲಿ ಒಂದಾದ ನಾಡು ದಫ್ತರದಲ್ಲಿ ಒಂದಾಗಿದೆಯೇ? ಹೈಕೋರ್ಟಿನ ಇಂಗ್ಲಿಷಿಗೆ ರಾಜ್ಯಘಟನೆಯ 348ನೆಯ ಕಲಮಿನ ನೆವವಾದರೂ ಉಂಟು. ಕೆಳಗಿನ ಕೋರ್ಟಿನಲ್ಲಿ ನಮ್ಮ ವಕೀಲ ಬಂಧುಗಳಿಗೆ ಯಾವ ನೆವವಿದೆ? ಹಳೆಯ ನಮೂನೆಯಲ್ಲಿ ಹೆಸರು ಬದಲಿಸಿ ಅಚ್ಚು ತೆಗೆಯುವದು ಸುಲಭ, ಅಷ್ಟೇ. ಈ ಆಲಸ್ಯದಲ್ಲಿ ನಾವೂ ಅನೇಕ ವರ್ಷ ಪಾಲುಗಾರರಾಗಿದ್ದೆವೆಂದು ಒಪ್ಪಿಕೊಳ್ಳುತ್ತೇವೆ.

ಹೆಚ್ಚು ಜನರಿಗೆ ತಿಳಿಯದ ಸಂಗತಿಯೊಂದಿದೆ. ದಿವಾಣಿ ಸಂಹಿತೆಯ 137ನೆಯ ಕಲಮು ಇಂಗ್ಲಿಷಿನಲ್ಲಿ ಬರೆಯಲು ಅವಕಾಶ ಕೊಟ್ಟಿರುವದು ನಿಜ. ಆದರೆ ಇಂಗ್ಲಿಷು ಬಾರದ ಕಕ್ಷಿಗಾರನು ಕೇಳಿದರೆ ಕೋರ್ಟಿನ ನುಡಿಯಲ್ಲಿ ಅದರ ಭಾಷಾಂತರವನ್ನು ಒದಗಿಸಲೇಬೇಕೆಂದು ಅದೇ ಕಲಮು ಹೇಳುತ್ತದೆ. ಕೇಳುವವರೇ ಇಲ್ಲ. ಊರೂರಿನ ಶಿಕ್ಷಕರು ನೆರೆಹೊರೆಯಲ್ಲಿ ಸಾವಾದ ಮನೆಗೆ ಇಂಥ ನೋಟೀಸು ಬಂದಾಗ ತಾರೀಖನ್ನೂ ಬಂಧುಗಳ ಪಟ್ಟಿಯನ್ನೂ ಓದಿ ಹೇಳಲಿ. ಕನ್ನಡ ಪ್ರತಿ ಬೇಕೆಂದು ಎರಡು ಸಾಲಿನ ವಿನಂತಿಯನ್ನು ಬರೆದುಕೊಡಲಿ. ವಕೀಲರ ಸಂಘಗಳು ಈ ಅರ್ಜಿಯ ಕನ್ನಡ ನಮೂನೆಯನ್ನು ಅಚ್ಚು ಹಾಕಿಸಿ ಕೋರ್ಟಿನ ಕಟ್ಟೆಯಲ್ಲಿಡಲಿ. ರಾಜ್ಯೋತ್ಸವದ ಒಂದು ಮೆರವಣಿಗೆಯ ಖರ್ಚೂ ಇದಕ್ಕೆ ಹತ್ತದು.

ಆ ತಾಯಿಯವರ ಪರವಾಗಿ ಪ್ರಮಾಣಪತ್ರದ ರದ್ದತಿಗೆ ನಾವು ಕನ್ನಡದಲ್ಲಿಯೇ ಅರ್ಜಿ ಬರೆದೆವು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮಗಳು ಹುಟ್ಟಿದ ವರ್ಷವನ್ನು ನಾವು ತಪ್ಪಾಗಿ ಬರೆದಿದ್ದೆವು. ಅದನ್ನು ಬೆರಳಿಟ್ಟು ತೋರಿಸಿ, ತಿದ್ದಿಸಿ, ಅನಂತರವೇ ಸಹಿ ಮಾಡಿದರು.