ಊರುಗೋಲು ಹಿಡಿದು ಬಂದ ಚಾಂಪಿಯನ್: ಫುಟ್‌ಬಾಲ್ ಕ್ಯಾಲೆಂಡರ್‌ಗೆ ಬೇಕಿರುವುದು ಬರೀ ಕತ್ತರಿಯಲ್ಲ

2024ರ ಅಕ್ಟೋಬರ್ 28ರ ರಾತ್ರಿ ಪ್ಯಾರಿಸ್‌ನಲ್ಲಿ ಬ್ಯಾಲನ್ ಡಿ'ಓರ್ ಪ್ರಶಸ್ತಿ ಪಡೆಯಲು ಮ್ಯಾಂಚೆಸ್ಟರ್ ಸಿಟಿಯ ರೋಡ್ರಿ ವೇದಿಕೆ ಹತ್ತಿದ್ದು ಊರುಗೋಲು ಹಿಡಿದುಕೊಂಡು. ಮರುವರ್ಷ, 2025ರ ಸೆಪ್ಟೆಂಬರ್ 22ರಂದು, ಅದೇ ಪ್ರಶಸ್ತಿ ಪಿಎಸ್‌ಜಿಯ ಉಸ್ಮಾನ್ ಡೆಂಬೆಲೆಗೆ ಬಂತು. ಅವರ ತಂಡ ಅದೇ ಹೊತ್ತಿಗೆ ಮಾರ್ಸೇಯಲ್ಲಿ ಲೀಗ್ ಪಂದ್ಯ ಆಡುತ್ತಿತ್ತು. ಬಿರುಗಾಳಿ ಮಳೆಯ ಮುನ್ಸೂಚನೆ ಇದ್ದಿದ್ದರಿಂದ ಭಾನುವಾರದ ಪಂದ್ಯ ಸೋಮವಾರಕ್ಕೆ ಹೋಗಿತ್ತು. ಡೆಂಬೆಲೆ ಸೂಟು ಹಾಕಿಕೊಂಡು ಸಮಾರಂಭದಲ್ಲಿ ಕೂರಲು ಸಾಧ್ಯವಾಗಿದ್ದು ಯಾಕೆ ಗೊತ್ತಾ? ತೊಡೆಯ ಸ್ನಾಯು ಹರಿದು ಆಟದಿಂದ ಹೊರಗಿದ್ದರು. ಜಗತ್ತಿನ ಅತ್ಯುತ್ತಮ ಆಟಗಾರ ಅಂತ ಸತತ ಎರಡು ವರ್ಷ ಕರೆಸಿಕೊಂಡ ಇಬ್ಬರೂ ಆ ದಿನ ಚೆಂಡು ಒದೆಯುವ ಸ್ಥಿತಿಯಲ್ಲಿರಲಿಲ್ಲ.

ರೋಡ್ರಿ ಕಥೆ ಗೊತ್ತಿರುವುದೇ. 2023–24ರಲ್ಲಿ ಕ್ಲಬ್ಬು, ದೇಶ ಸೇರಿ 63 ಪಂದ್ಯ ಆಡಿದ್ದರು. 2024ರ ಸೆಪ್ಟೆಂಬರ್ 17ರಂದು ಪತ್ರಿಕಾಗೋಷ್ಠಿಯಲ್ಲಿ, ಹೀಗೇ ಮುಂದುವರಿದರೆ ಆಟಗಾರರು ಮುಷ್ಕರಕ್ಕಿಳಿಯುವ ದಿನ ದೂರವಿಲ್ಲ ಎಂದರು. ಐದೇ ದಿನಕ್ಕೆ ಆರ್ಸೆನಲ್ ವಿರುದ್ಧ ಮೊಣಕಾಲಿನ ಎಸಿಎಲ್ ಹರಿಯಿತು. ಸೋಷಿಯಲ್ ಮೀಡಿಯಾ ಅವತ್ತೇ ತೀರ್ಪು ಕೊಟ್ಟುಬಿಟ್ಟಿತು: ನೋಡಿ, ವೇಳಾಪಟ್ಟಿಯೇ ಕಾಲು ಮುರೀತು.

ನಾನು ಆ ತೀರ್ಪನ್ನು ಅಷ್ಟು ಸುಲಭಕ್ಕೆ ಒಪ್ಪಲ್ಲ. ರೋಡ್ರಿ ಬಿದ್ದಿದ್ದು ಕಾರ್ನರ್ ಕಿಕ್ ವೇಳೆ ಥಾಮಸ್ ಪಾರ್ಟಿ ಜತೆಗಿನ ತಳ್ಳಾಟದಲ್ಲಿ. ಅದಕ್ಕಿಂತ ಮುಖ್ಯವಾಗಿ, ಯೂರೊ ಫೈನಲ್‌ನ ಮಧ್ಯಂತರದಲ್ಲಿ ಗಾಯಗೊಂಡು ಹೊರಬಂದವರು ಹೊಸ ಸೀಸನ್ನಿನ ಮೊದಲ ವಾರಗಳಲ್ಲಿ ಆಡಿರಲೇ ಇಲ್ಲ. ವಿಶ್ರಾಂತಿ ಮುಗಿಸಿ ವಾಪಸ್ ಬಂದ ಕೂಡಲೇ ಆದ ಗಾಯ ಇದು. ಹಾಗಂತ ವೇಳಾಪಟ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುತ್ತಿಲ್ಲ. ಸಂಬಂಧ ನಾವು ಅಂದುಕೊಂಡಷ್ಟು ನೇರವಾಗಿಲ್ಲ, ಅಷ್ಟೆ.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಕಲಿತದ್ದರಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ. ಆದರೆ ಲ್ಯಾಬ್‌ನ ಫೆಟೀಗ್ ಟೆಸ್ಟಿಂಗ್ ಮಷಿನ್ ಮಾತ್ರ ನೆನಪಿದೆ. ಒಂದು ಉಕ್ಕಿನ ಸರಳನ್ನು ಸಿಕ್ಕಿಸಿ, ಸಣ್ಣ ತೂಕ ನೇತುಹಾಕಿ, ಗರಗರ ತಿರುಗಿಸುತ್ತಾ ಇರುವುದು. ಒಮ್ಮೆಗೇ ಎಳೆದರೆ ಆ ತೂಕಕ್ಕೆ ಸರಳಿಗೆ ಏನೂ ಆಗಲ್ಲ. ಲಕ್ಷಾಂತರ ಸಲ ತಿರುಗಿದ ಮೇಲೆ ಒಂದು ಕ್ಷಣದಲ್ಲಿ ಠಣ್ ಅಂತ ಎರಡು ತುಂಡು. ಹಿಂದಿನ ಕ್ಷಣದವರೆಗೂ ಹೊರಗಿನಿಂದ ನೋಡಿದರೆ ಯಾವ ಬದಲಾವಣೆಯೂ ಕಾಣಲ್ಲ. ರೈಲಿನ ಅಚ್ಚುಗಳು ಯಾಕೆ ಹೀಗೆ ಮುರಿಯುತ್ತವೆ ಅಂತ 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ಹುಡುಕಿಕೊಂಡು ಹೋದಾಗ ಹುಟ್ಟಿದ ಶಾಸ್ತ್ರ ಇದು.

ಮನುಷ್ಯರ ಸ್ನಾಯು ಉಕ್ಕಿನ ಸರಳಲ್ಲ. ಅದು ರಿಪೇರಿ ಆಗುತ್ತದೆ, ರಿಪೇರಿ ಆದಮೇಲೆ ಮೊದಲಿಗಿಂತ ಗಟ್ಟಿಯೂ ಆಗುತ್ತದೆ. ಅದಕ್ಕೆ ಸಮಯ ಕೊಡಬೇಕು. 90 ನಿಮಿಷ ಓಡಿದ ಮೇಲೆ ಸ್ನಾಯುವಿನ ಇಂಧನ ಮತ್ತೆ ತುಂಬಿಕೊಳ್ಳಲು, ಓಟದ ವೇಗ ಮಾಮೂಲಿಗೆ ಬರಲು ಸುಮಾರು 48ರಿಂದ 72 ಗಂಟೆ ಬೇಕು. ವೇಳಾಪಟ್ಟಿ ಎನ್ನುವುದು ಕೊನೆಗೂ ಈ ರಿಪೇರಿ ಸಮಯದ ಪಟ್ಟಿ.

ಸ್ಕಾಟ್ಲೆಂಡಿನ ಒಂದು ಕ್ಲಬ್ಬಿನ 32 ಆಟಗಾರರನ್ನು ಎರಡು ಸೀಸನ್ ಗಮನಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ವಾರಕ್ಕೆ ಒಂದು ಪಂದ್ಯ ಆಡಿದಾಗ ಸಾವಿರ ಗಂಟೆಗೆ 4.1 ಗಾಯ. ಎರಡು ಪಂದ್ಯ ಆಡಿದಾಗ 25.6. ಆರು ಪಟ್ಟು! ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಇನ್ನೊಂದು ಸಾಲು. ಎರಡನೇ ಪಂದ್ಯದಲ್ಲೂ ಅವರು ಓಡಿದ ದೂರ, ವೇಗ ಹೆಚ್ಚುಕಮ್ಮಿ ಅಷ್ಟೇ ಇತ್ತು. ಅಂದರೆ ಜಿಪಿಎಸ್ ನೋಡಿ ಕೋಚ್ ‘ಹುಡುಗ ಫ್ರೆಶ್ ಆಗಿದ್ದಾನೆ’ ಅಂದುಕೊಳ್ಳುತ್ತಾನೆ. ಲ್ಯಾಬ್‌ನ ಸರಳು ಕೂಡ ಫ್ರೆಶ್ ಆಗಿಯೇ ಕಾಣುತ್ತಿತ್ತು.

ಈಗ ಇದಕ್ಕೆ ವಿರುದ್ಧವಾದ ಲೆಕ್ಕವನ್ನೂ ಹೇಳಬೇಕು. ಯುಯೆಫಾ ಪರವಾಗಿ ಸ್ವೀಡನ್ನಿನ ಯಾನ್ ಎಕ್‌ಸ್ಟ್ರಾಂಡ್ ತಂಡ 2001ರಿಂದ ಯುರೋಪಿನ ದೊಡ್ಡ ಕ್ಲಬ್ಬುಗಳ ಗಾಯಗಳನ್ನು ದಾಖಲಿಸುತ್ತಾ ಬಂದಿದೆ. ಮೊದಲ 18 ವರ್ಷಗಳಲ್ಲಿ ಒಟ್ಟಾರೆ ಗಾಯದ ಪ್ರಮಾಣ ಕಡಿಮೆಯಾಗುತ್ತಾ ಬಂದಿದೆ ಅಂತ ಅದೇ ತಂಡ ಹೇಳಿದೆ. ಮುಖ್ಯವಾಹಿನಿಯ ಕ್ರೀಡಾ ಪುಟಗಳು ಈ ಸಂಗತಿಯನ್ನು ಸಾಮಾನ್ಯವಾಗಿ ನುಂಗಿಕೊಳ್ಳುತ್ತವೆ. ವೈದ್ಯರು, ಫಿಸಿಯೋಗಳು ಹೆಚ್ಚಿದ್ದಾರೆ, ತಂಡಗಳು ದೊಡ್ಡವಾಗಿವೆ, ಆಟಗಾರರನ್ನು ಅದಲುಬದಲು ಮಾಡುತ್ತಾರೆ. ಆದರೆ ಒಂದು ಗಾಯ ಮಾತ್ರ ಮಾತು ಕೇಳುತ್ತಿಲ್ಲ. ಅದೇ ಹ್ಯಾಮ್‌ಸ್ಟ್ರಿಂಗ್, ತೊಡೆಯ ಹಿಂಭಾಗದ ಸ್ನಾಯು. 2001–02ರಲ್ಲಿ ಒಟ್ಟು ಗಾಯಗಳಲ್ಲಿ ಅದರ ಪಾಲು ಶೇ 12 ಇತ್ತು. 2021–22ರ ಹೊತ್ತಿಗೆ ಶೇ 24. ಪೂರ್ತಿ ವೇಗದಲ್ಲಿ ಓಡುವಾಗ ಮುಂದೆ ಚಾಚಿದ ಕಾಲಿಗೆ ಬ್ರೇಕ್ ಹಾಕುವ ಸ್ನಾಯು ಅದು. ಇವತ್ತಿನ ಫುಟ್‌ಬಾಲ್ ಅಂದರೆ ಅಂಥ ಓಟಗಳ ಸರಮಾಲೆ.

(ನಾನೂ ಬೆಂಗಳೂರಿನ ಟರ್ಫ್ ಒಂದರಲ್ಲಿ ರಾತ್ರಿ ಹನ್ನೊಂದರ ಸ್ಲಾಟಿನಲ್ಲಿ ಆಡುತ್ತಾ ಈ ಸ್ನಾಯು ಹರಿದುಕೊಂಡವನೇ. ಹತ್ತು ತಾಸು ಕುರ್ಚಿಯಲ್ಲಿ ಕೂತವನಿಗೆ ವಾರ್ಮ್ ಅಪ್ ಇಲ್ಲದ ಓಟ. ನನ್ನ ಕೇಸಿನಲ್ಲಿ ಫಿಫಾದ ತಪ್ಪೇನಿಲ್ಲ.)

ಈ ಗಾಯ ತಡೆಯುವ ದಾರಿ ಗೊತ್ತಿಲ್ಲದ್ದೇನಲ್ಲ. ಮಂಡಿಯೂರಿ, ಪಾದಗಳನ್ನು ಹಿಂದಿನಿಂದ ಒಬ್ಬರು ಹಿಡಿದಿರುವಾಗ, ದೇಹವನ್ನು ನಿಧಾನಕ್ಕೆ ಮುಂದಕ್ಕೆ ಬಾಗಿಸುತ್ತಾ ಹೋಗುವ ನಾರ್ಡಿಕ್ ವ್ಯಾಯಾಮ ಇದೆ. ಇದನ್ನು ಸೇರಿಸಿಕೊಂಡ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದ್ದನ್ನು ಸಂಶೋಧನೆಗಳು ತೋರಿಸಿವೆ. ಆದರೂ ದೊಡ್ಡ ಕ್ಲಬ್ಬುಗಳಲ್ಲಿ ಹೆಚ್ಚಿನವು ಇದನ್ನು ಪೂರ್ತಿಯಾಗಿ ಮಾಡಿಸುತ್ತಿರಲಿಲ್ಲ. ಒಂದು ಕಾರಣ ಊಹಿಸುವುದು ಕಷ್ಟವಲ್ಲ. ಈ ವ್ಯಾಯಾಮ ಮಾಡಿದರೆ ಎರಡು ದಿನ ತೊಡೆ ನೋಯುತ್ತದೆ. ಬುಧವಾರ ಪಂದ್ಯ, ಶನಿವಾರ ಪಂದ್ಯ ಅಂದಾಗ ಯಾವ ದಿನ ಮಾಡಿಸೋದು? ನಾವೆಲ್ಲ ‘ವಿಶ್ರಾಂತಿ ಇಲ್ಲ’ ಅಂತ ಕೂಗುತ್ತೇವೆ. ಈ ಕ್ಯಾಲೆಂಡರ್ ಕಿತ್ತುಕೊಳ್ಳುತ್ತಿರುವುದು ವಿಶ್ರಾಂತಿಯನ್ನು ಮಾತ್ರವಲ್ಲ, ತಯಾರಿಯನ್ನೂ.

ಇನ್ನು ಬದಲಾವಣೆಗಳಿಗೆ ಬರೋಣ. 2024–25ರಿಂದ ಚಾಂಪಿಯನ್ಸ್ ಲೀಗ್‌ನ ಒಟ್ಟು ಪಂದ್ಯಗಳು 125ರಿಂದ 189ಕ್ಕೆ ಏರಿದವು. ಹಳೆಯ ಪದ್ಧತಿಯಲ್ಲಿ ಗುಂಪು ಹಂತದಿಂದ ಕಪ್ ಎತ್ತುವವರೆಗೆ 13 ಪಂದ್ಯ. ಹೊಸ ಪದ್ಧತಿಯ ಮೊದಲ ಚಾಂಪಿಯನ್ ಪಿಎಸ್‌ಜಿ ಪ್ಲೇಆಫ್ ಸೇರಿ 17 ಆಡಿತು. ಅದರ ಮೇಲೆ 2025ರ ಜೂನ್–ಜುಲೈನಲ್ಲಿ ಅಮೆರಿಕದಲ್ಲಿ 32 ತಂಡಗಳ ಕ್ಲಬ್ ವಿಶ್ವಕಪ್, ನೂರು ಕೋಟಿ ಡಾಲರ್ ಬಹುಮಾನದ ಆಮಿಷ. ಅಲ್ಲೂ ಫೈನಲ್‌ವರೆಗೆ ಹೋದ ಪಿಎಸ್‌ಜಿ ಆ ಸೀಸನ್ನಿನಲ್ಲಿ ಆಡಿದ್ದು ಒಟ್ಟು 65 ಪಂದ್ಯ. ಜುಲೈ 13ಕ್ಕೆ ಫೈನಲ್, ಆಗಸ್ಟ್ 13ಕ್ಕೆ ಮುಂದಿನ ಸೀಸನ್ನಿನ ಸೂಪರ್ ಕಪ್. ಸೆಪ್ಟೆಂಬರ್ 5ರಂದು ಫ್ರಾನ್ಸ್ ಪರ ಉಕ್ರೇನ್ ವಿರುದ್ಧ ಆಡುವಾಗ ಡೆಂಬೆಲೆಗೆ ತೊಡೆ, ದೆಜಿರೆ ದುವೆಗೆ ಮೀನಖಂಡ. ಕ್ಲಬ್ಬು ಫ್ರಾನ್ಸ್ ಫುಟ್‌ಬಾಲ್ ಸಂಸ್ಥೆಯ ಮೇಲೆ ಹರಿಹಾಯ್ದಿತು.

ಆ ಫೈನಲ್ ಗೆದ್ದ ಚೆಲ್ಸಿಗೆ ಪ್ರೀಮಿಯರ್ ಲೀಗ್‌ನ ಮೊದಲ ಪಂದ್ಯ ಆಗಸ್ಟ್ 17ಕ್ಕಿತ್ತು, ಅಂದರೆ 35 ದಿನ. ರಜೆ ಮುಗಿಸಿ ಅಭ್ಯಾಸ ಶುರುಮಾಡುತ್ತಿದ್ದಂತೆ ಲೀವೈ ಕೋಲ್ವಿಲ್‌ಗೆ ಎಸಿಎಲ್ ಹರಿಯಿತು. ಇದನ್ನು ಕ್ಲಬ್ ವಿಶ್ವಕಪ್ಪಿನ ತಲೆಗೆ ಕಟ್ಟಲು ನನ್ನ ಹತ್ತಿರ ಪುರಾವೆ ಇಲ್ಲ. ಅದೇ ಟೂರ್ನಿಯಲ್ಲಿ ಡೊನ್ನಾರುಮಾಗೆ ಡಿಕ್ಕಿಯಾಗಿ ಕಾಲು ಮುರಿದುಕೊಂಡ ಬಯರ್ನ್‌ನ ಜಮಾಲ್ ಮುಸಿಯಾಲಾ ವಿಷಯದಲ್ಲೂ ಅಷ್ಟೆ. ಒಂದೊಂದು ಗಾಯಕ್ಕೆ ಕಾರಣ ಹುಡುಕುವುದು ರಸ್ತೆ ಗುಂಡಿಗೂ ಒಂದು ಅಪಘಾತಕ್ಕೂ ಗಂಟು ಹಾಕಿದ ಹಾಗೆ, ಯಾವಾಗಲೂ ವಾದ ಉಳಿಯುತ್ತದೆ. ಗುಂಡಿಗಳ ಸಂಖ್ಯೆ ಹೆಚ್ಚಾದರೆ ಅಪಘಾತ ಹೆಚ್ಚುತ್ತದೆ ಅನ್ನೋದರಲ್ಲಿ ವಾದ ಇಲ್ಲ.

ಒಂದು ಬದಲಾವಣೆ ಬಗ್ಗೆ ಮಾತ್ರ ನನಗೆ ನಿಜಕ್ಕೂ ಸಿಟ್ಟಿದೆ. ಚಳಿಗಾಲದ ವಿರಾಮ ಇಲ್ಲದ ಯುರೋಪಿನ ತಂಡಗಳು ವಿರಾಮ ಇರುವ ತಂಡಗಳಿಗಿಂತ ಒಂದು ಸೀಸನ್ನಿನಲ್ಲಿ ಸರಾಸರಿ 303 ಆಟಗಾರ–ದಿನಗಳನ್ನು ಹೆಚ್ಚಾಗಿ ಗಾಯಕ್ಕೆ ಕಳೆದುಕೊಳ್ಳುತ್ತವೆ ಅಂತ ಎಕ್‌ಸ್ಟ್ರಾಂಡ್ ತಂಡವೇ ಲೆಕ್ಕ ಕೊಟ್ಟಿತ್ತು. ಒಬ್ಬ ಆಟಗಾರ ಹೆಚ್ಚುಕಮ್ಮಿ ಇಡೀ ಸೀಸನ್ ಹೊರಗೆ ಕೂತಷ್ಟು. 2019–20ರಲ್ಲಿ ಪ್ರೀಮಿಯರ್ ಲೀಗ್ ಕಡೆಗೂ ಒಂದು ಪುಟ್ಟ ವಿರಾಮ ತಂದಿತು. 2024–25ಕ್ಕೆ ಕಿತ್ತುಹಾಕಿತು! ಬೇಸಿಗೆ ರಜೆ ಉದ್ದವಾಗಲಿ ಅನ್ನೋದು ಸಮಜಾಯಿಷಿ. ಹಾಗೆ ಉಳಿಸಿದ ಬೇಸಿಗೆಯನ್ನು ಮುಂದಿನ ವರ್ಷವೇ ಚೆಲ್ಸಿ, ಸಿಟಿ ಪಾಲಿಗೆ ಕ್ಲಬ್ ವಿಶ್ವಕಪ್ ನುಂಗಿತು.

ಹಾಗಾದರೆ ಖಳನಾಯಕ ಫಿಫಾನಾ? ಆಟಗಾರರ ಸಂಘಟನೆ ಫಿಫ್‌ಪ್ರೊದ ಯುರೋಪ್ ಘಟಕ ಮತ್ತು ಯುರೋಪಿನ ಲೀಗ್‌ಗಳು 2024ರ ಅಕ್ಟೋಬರ್‌ನಲ್ಲಿ ಫಿಫಾ ವಿರುದ್ಧ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟವು. ದೊಡ್ಡ ಕ್ಲಬ್ಬುಗಳು ಆಡುವ ಪಂದ್ಯಗಳಲ್ಲಿ ತಮ್ಮದು ಶೇ 1ರಷ್ಟು ಮಾತ್ರ ಎನ್ನುವುದು ಫಿಫಾ ಅಧ್ಯಕ್ಷ ಜಾನಿ ಇನ್‌ಫ್ಯಾಂಟಿನೊ ವಾದ. ಲೆಕ್ಕ ಸರಿ ಇರಬಹುದು. ಆದರೆ ಆ ಶೇ 1 ಬಂದು ಕೂರುವುದು ರಿಪೇರಿಗೆ ಉಳಿದಿರುವ ಏಕೈಕ ತಿಂಗಳಿನಲ್ಲಿ. ಇತ್ತ ಕ್ಲಬ್ಬುಗಳೂ ಸಾಚಾ ಅಲ್ಲ. 2024ರ ಮೇ 19ಕ್ಕೆ ಲೀಗ್ ಮುಗಿದರೆ 22ಕ್ಕೆ ಟಾಟನ್‌ಹ್ಯಾಮ್ ಮತ್ತು ನ್ಯೂಕ್ಯಾಸಲ್ ಮೆಲ್ಬರ್ನ್‌ನಲ್ಲಿ ಸ್ನೇಹಪಂದ್ಯ ಆಡುತ್ತಿದ್ದವು. ಮರುವರ್ಷ ಮ್ಯಾಂಚೆಸ್ಟರ್ ಯುನೈಟೆಡ್ ಲೀಗ್ ಮುಗಿದ ಮೂರೇ ದಿನಕ್ಕೆ ಮಲೇಷ್ಯಾದಲ್ಲಿ.

ನಮ್ಮ ಪಾಲೂ ಇದೆ ಇದರಲ್ಲಿ. ಬುಧವಾರ ರಾತ್ರಿ ಎಂಟಕ್ಕೆ ಚಾಂಪಿಯನ್ಸ್ ಲೀಗ್ ಆಡಿದ ಇಂಗ್ಲೆಂಡ್ ತಂಡಕ್ಕೆ ಶನಿವಾರ ಮಧ್ಯಾಹ್ನ ಹನ್ನೆರಡೂವರೆಯ ಪಂದ್ಯ ಬಿದ್ದರೆ ಶುರುವಿನಿಂದ ಶುರುವಿಗೆ 64 ಗಂಟೆ ಚಿಲ್ಲರೆ. ಆ ಹನ್ನೆರಡೂವರೆ ನಮಗೆ ಸಂಜೆ ಐದು, ಚಳಿಗಾಲದಲ್ಲಿ ಆರು. ರಾತ್ರಿ ಒಂದೂವರೆಗೆ ಅಲಾರಂ ಇಡದೆ, ಚಹಾ ಹೀರುತ್ತಾ ನೋಡಬಹುದಾದ ಪಂದ್ಯ. ನಾನೂ ಖುಷಿಯಾಗೇ ನೋಡುತ್ತೇನೆ.

‘ಕೋಟಿ ಕೋಟಿ ತಗೋತಾರಲ್ಲ, ಆಡಲಿ ಬಿಡಿ’ ಅನ್ನುವವರು ಇದ್ದೇ ಇರುತ್ತಾರೆ. 2020–21ರಲ್ಲಿ ಬಾರ್ಸಿಲೋನಾದ ಪೆಡ್ರಿ ಯೂರೊ, ಒಲಿಂಪಿಕ್ಸ್ ಸೇರಿ 73 ಪಂದ್ಯ ಆಡಿದಾಗ ಇನ್ನೂ ಹದಿಹರೆಯ. ಮುಂದಿನ ಸೀಸನ್ನಿನ ಬಹುಪಾಲು ತೊಡೆಯ ಗಾಯದಲ್ಲಿ ಕಳೆಯಿತು. ಹಣಕ್ಕೂ ಸ್ನಾಯುವಿಗೂ ಪರಿಚಯವಿಲ್ಲ.

ಆದರೆ ಬರೀ ಪಂದ್ಯ ಕಡಿಮೆ ಮಾಡಿದರೆ ಸಾಕಾ? ಇಲ್ಲಿ ನಮ್ಮ ಬೆಂಗಳೂರನ್ನೇ ನೋಡಿ. ಐಎಸ್‌ಎಲ್‌ನ ಹಕ್ಕುಗಳ ಒಪ್ಪಂದದ ಗೊಂದಲದಲ್ಲಿ 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಸಂಬಳವನ್ನೇ ನಿಲ್ಲಿಸಿತು. ಗೋವಾದ ಸೂಪರ್ ಕಪ್‌ನಂಥದ್ದು ಬಿಟ್ಟರೆ ತಿಂಗಳುಗಟ್ಟಲೆ ಖಾಲಿ. ಕೊನೆಗೆ 2026ರ ಫೆಬ್ರವರಿ 14ಕ್ಕೆ ಲೀಗ್ ಶುರುವಾಯಿತು, ತಂಡಕ್ಕೆ 13 ಪಂದ್ಯಗಳ ಮೊಟಕು ರೂಪದಲ್ಲಿ. ಇದು ವಿಶ್ರಾಂತಿ ಅಂದುಕೊಂಡರೆ ತಪ್ಪು. 2011ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮಾಲೀಕರು ಲಾಕ್‌ಔಟ್ ಮಾಡಿ ತಿಂಗಳುಗಟ್ಟಲೆ ಆಟಗಾರರನ್ನು ಹೊರಗಿಟ್ಟರು. ಶಿಬಿರ ಶುರುವಾದ ಮೊದಲ 12 ದಿನಗಳಲ್ಲಿ 10 ಮಂದಿಗೆ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಹೆಚ್ಚು ಹೊರೆ ಕೆಟ್ಟದ್ದು ನಿಜ, ಹೊರೆ ಇದ್ದಕ್ಕಿದ್ದಂತೆ ಏರುವುದೂ ಅಷ್ಟೇ ಕೆಟ್ಟದ್ದು. ರೋಡ್ರಿಯ ಸೆಪ್ಟೆಂಬರ್ ನನಗೆ ಮತ್ತೆ ನೆನಪಾಗುವುದು ಇದಕ್ಕೇ.

ಹಾಗಾಗಿ ಟೂರ್ನಿಗಳ ಲೆಕ್ಕಕ್ಕಿಂತ ಒಬ್ಬೊಬ್ಬ ಆಟಗಾರನ ಲೆಕ್ಕ ಮುಖ್ಯ ಎನ್ನುವ ಪಕ್ಷ ನನ್ನದು. ಎಷ್ಟು ನಿಮಿಷ, ಎಷ್ಟು ಸತತ ವಾರ, ಎಷ್ಟು ದಿನ ರಜೆ, ರಜೆಯ ನಂತರ ಎಷ್ಟು ದಿನ ತಯಾರಿ. ಫಿಫ್‌ಪ್ರೊ ಸಮಾಲೋಚಿಸಿದ ತಜ್ಞರು ನಾಲ್ಕು ವಾರ ರಜೆ, ಮೇಲೆ ನಾಲ್ಕು ವಾರ ಮರುತಯಾರಿ ಅಂದಿದ್ದಾರೆ. ಒಟ್ಟು 56 ದಿನ. 2025ರ ಜುಲೈನಲ್ಲಿ ಫಿಫಾ ಕೆಲವು ಸಂಘಗಳನ್ನು ಕೂರಿಸಿಕೊಂಡು, ಫಿಫ್‌ಪ್ರೊವನ್ನು ಕರೆಯದೆ, ಪಂದ್ಯಗಳ ನಡುವೆ 72 ಗಂಟೆ ಮತ್ತು ವರ್ಷಕ್ಕೆ 21 ದಿನ ರಜೆ ಎಂಬ ಒಮ್ಮತಕ್ಕೆ ಬಂದಿರುವುದಾಗಿ ಪ್ರಕಟಿಸಿತು. ಮರುತಯಾರಿಯ ಮಾತಿಲ್ಲ.

ನಿಯಮ ಬಂದರೂ ಜಾರಿಯಾಗುತ್ತಾ ಅನ್ನೋದು ಬೇರೆ ಪ್ರಶ್ನೆ. ನಮ್ಮಲ್ಲೇ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದಾಗ ಏನಾಯಿತು? 2025ರ ಡಿಸೆಂಬರ್‌ನಲ್ಲಿ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾದವು, ಡಿಜಿಸಿಎ ನಿಯಮಗಳಿಗೇ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಬಾಗಿದ್ದು ವೇಳಾಪಟ್ಟಿಯಲ್ಲ, ನಿಯಮ.

ಈಗ ಮುಂದಿನ ತಾರೀಕುಗಳು. ಮೇ 30ಕ್ಕೆ ಬುಡಾಪೆಸ್ಟ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಜೂನ್ 11ಕ್ಕೆ 48 ತಂಡ, 104 ಪಂದ್ಯಗಳ ವಿಶ್ವಕಪ್ ಆರಂಭ. ಫೈನಲ್ ತಲುಪುವ ತಂಡಕ್ಕೆ ಏಳರ ಬದಲು ಎಂಟು ಪಂದ್ಯ. ಜುಲೈ 19ಕ್ಕೆ ಫೈನಲ್. ಆಗಸ್ಟ್ 22ಕ್ಕೆ ಪ್ರೀಮಿಯರ್ ಲೀಗ್. ನಡುವೆ 33 ದಿನ. ಅದರಲ್ಲಿ 21 ರಜೆಗೆ ಕಳೆದರೆ ತಯಾರಿಗೆ ಉಳಿಯುವುದು 12. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಎಕ್ಸೆಲ್ ಶೀಟ್ ತೆರೆದಿಟ್ಟಿದ್ದೇನೆ: ಆಟಗಾರ, ವಿಶ್ವಕಪ್‌ನಲ್ಲಿ ಆಡಿದ ನಿಮಿಷ, ರಜೆ, ಮೊದಲ ಲೀಗ್ ಪಂದ್ಯದ ದಿನ, ಗಾಯ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ತುಂಬಬೇಕಾದ ಕೊನೆಯ ಕಾಲಂ ಸದ್ಯಕ್ಕೆ ಖಾಲಿ ಇದೆ.