ಕಣ್ಣನ್ನೇ ನಂಬಿದ ಆಕಾಶ

ಹೋದ ಸಲ ಅಮೆರಿಕಕ್ಕೆ ಹೋದಾಗ, ನ್ಯೂಜೆರ್ಸಿಯಲ್ಲಿರುವ ಗೆಳೆಯ ಬಾಡಿಗೆ ಸೆಸ್ನಾದಲ್ಲಿ ನನ್ನನ್ನು ಹಡ್ಸನ್ ನದಿಯ ಮೇಲೆ ಕರೆದುಕೊಂಡು ಹೋದ. ವೆರಜಾನೊ ಸೇತುವೆ ಬಂದ ಕೂಡಲೇ ತಾನೆಲ್ಲಿದ್ದೇನೆ, ಎಷ್ಟು ಎತ್ತರ, ಯಾವ ದಿಕ್ಕು ಅಂತ ರೇಡಿಯೊದಲ್ಲಿ ಹೇಳಿದ. ಯಾರೂ ಉತ್ತರ ಕೊಡಲಿಲ್ಲ.

‘ಟವರ್‌ನವರಿಗೆ ಕೇಳಿಸ್ತಾ?’ ಅಂದೆ.

‘ಇದು ಟವರ್‌ಗೆ ಅಲ್ಲ ಕಣೋ, ಸುತ್ತ ಹಾರ್ತಿರೋರಿಗೆ. ನೀನು ಫೋಟೊ ಬಿಟ್ಟು ಹೆಲಿಕಾಪ್ಟರ್ ಕಂಡ್ರೆ ಹೇಳು.’

ಸುತ್ತ ಜೆಎಫ್‌ಕೆ, ಲಗಾರ್ಡಿಯಾ, ನೆವಾರ್ಕ್. ಮೂರೂ ದೈತ್ಯ ವಿಮಾನ ನಿಲ್ದಾಣಗಳು. ಅವುಗಳ ನಡುವೆ ನದಿಯ ಮೇಲೆ 1,300 ಅಡಿಗಿಂತ ಕೆಳಗೆ ಒಂದು ಓಣಿ ಬಿಟ್ಟಿದ್ದಾರೆ. ಅಲ್ಲಿ ಹಾರಲು ಯಾರ ಅನುಮತಿಯೂ ಬೇಡ. ನಾವು 1,200 ಅಡಿಯಲ್ಲಿದ್ದೆವು. ಬಲಗಡೆ ವರ್ಲ್ಡ್ ಟ್ರೇಡ್ ಸೆಂಟರ್‌ನ ತುದಿ ನಮಗಿಂತ ಮೇಲಿತ್ತು. ಸಾಮಾನ್ಯ ಪೈಲಟ್‌ಗೂ ಈ ಸ್ವಾತಂತ್ರ್ಯ ಇರುವುದು ನನಗೆ ಇಷ್ಟ. ಆದರೆ ಅದು ನಿಂತಿರುವುದು ‘ನೋಡು, ತಪ್ಪಿಸಿಕೋ’ ಎಂಬ ಒಂದೇ ನಂಬಿಕೆಯ ಮೇಲೆ. ಕಣ್ಣಿನ ಸಮಸ್ಯೆ ಏನಂದ್ರೆ, ಡಿಕ್ಕಿಯ ಹಾದಿಯಲ್ಲಿರುವ ವಿಮಾನ ಗಾಜಿನ ಮೇಲೆ ಅಲುಗಾಡುವುದೇ ಇಲ್ಲ. ಒಂದೇ ಕಡೆ ಚುಕ್ಕೆಯಂತೆ ನಿಂತು, ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಮ್ಮೆಲೇ ದೊಡ್ಡದಾಗುತ್ತೆ.

2009ರ ಆಗಸ್ಟ್ 8ರಂದು ಇದೇ ಓಣಿಯಲ್ಲಿ ಸಣ್ಣ ಪೈಪರ್ ವಿಮಾನವೂ ಪ್ರವಾಸಿಗರ ಹೆಲಿಕಾಪ್ಟರೂ ಡಿಕ್ಕಿಯಾಗಿ ಒಂಬತ್ತು ಮಂದಿ ಸತ್ತರು. ತನಿಖೆ ಮೊದಲು ಬೊಟ್ಟು ಮಾಡಿದ್ದು ಕಣ್ಣಿನ ಈ ಮಿತಿಯತ್ತಲೇ. ನಿಯಂತ್ರಕರೊಬ್ಬರು ಕೆಲಸಕ್ಕೆ ಸಂಬಂಧವಿಲ್ಲದ ಫೋನ್ ಮಾತಿನಲ್ಲಿದ್ದದ್ದೂ ಕಾರಣಗಳಲ್ಲಿ ಸೇರಿತು. ಅಲ್ಲಿಯವರೆಗೆ ಬರೀ ಸಲಹೆಯಾಗಿದ್ದ ಬಲದಂಡೆಯ ನಿಯಮ, 140 ನಾಟ್ ವೇಗಮಿತಿ ಆಮೇಲೆ ಕಡ್ಡಾಯವಾದವು. ಹಾದುಹೋಗುವವರು 1,000 ಅಡಿಗಿಂತ ಮೇಲೆ, ಇಳಿದು ಹತ್ತುವ ಹೆಲಿಕಾಪ್ಟರ್‌ಗಳು ಕೆಳಗೆ ಅಂತ ಪದರಗಳಾದವು. ಓಣಿ ಮುಚ್ಚಲಿಲ್ಲ ಅನ್ನೋದನ್ನು ಗಮನಿಸಿ.

ಹಡ್ಸನ್ ಮೇಲೆ ಕಲಿತ ಪಾಠ ವಾಷಿಂಗ್ಟನ್‌ಗೆ ತಲುಪಲೇ ಇಲ್ಲ. 2025ರ ಜನವರಿ 29ರ ರಾತ್ರಿ ಸೇನೆಯ ಬ್ಲ್ಯಾಕ್ ಹಾಕ್ ಸಿಬ್ಬಂದಿ, ವಿಮಾನ ಕಾಣ್ತಿದೆ, ನಾವೇ ದೂರ ಇರ್ತೀವಿ ಅಂದರು. ಟವರ್ ಒಪ್ಪಿತು. ಸ್ವಲ್ಪ ಹೊತ್ತಿಗೇ ಅದು ಇಳಿಯುತ್ತಿದ್ದ ಪ್ರಯಾಣಿಕ ವಿಮಾನಕ್ಕೆ ಬಡಿದು 67 ಜನ ಸತ್ತರು. 200 ಅಡಿ ಮೀರಬಾರದ ದಾರಿಯಲ್ಲಿ ಹೆಲಿಕಾಪ್ಟರ್ 278 ಅಡಿಯಲ್ಲಿತ್ತು, ನಿಜ. ಆದರೆ ಇಬ್ಬರೂ ನಿಯಮ ಪಾಲಿಸಿದ್ದರೂ ಆ ಜಾಗದಲ್ಲಿ ನಡುವೆ 75 ಅಡಿಯಷ್ಟೇ ಉಳಿಯುವ ಸಾಧ್ಯತೆ ಇತ್ತು. ಇಂಥ ನಕ್ಷೆ ಬರೆದವರು ಪೈಲಟ್‌ಗಳಲ್ಲ.

ನನಗೆ ಸಿಟ್ಟು ಬರಿಸಿದ್ದು ಬೇರೆ. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಆ ನಿಲ್ದಾಣದ ಬಳಿ ವಿಮಾನ-ಹೆಲಿಕಾಪ್ಟರ್‌ಗಳು ಹತ್ತಿರ ಬಂದ 15,214 ಪ್ರಸಂಗಗಳು ದಾಖಲಾಗಿದ್ದವು. ಅದರಲ್ಲಿ 85 ತೀರಾ ಅಪಾಯಕಾರಿ. ಇದು ಸರ್ಕಾರದ ಕೈಯಲ್ಲೇ ಇದ್ದ ಮಾಹಿತಿ. ಓದಿ ದಾರಿ ಬದಲಿಸೋಕೆ ಹಣ, ಸಿಬ್ಬಂದಿ, ಸೇನೆಯ ಜೊತೆ ಜಗಳ ಬೇಕು. ಪೈಲಟ್‌ಗೆ ‘ನೋಡ್ಕೊಂಡು ಹೋಗಿ’ ಅನ್ನೋಕೆ ಖರ್ಚೇ ಇಲ್ಲ. ಆ ಹೆಲಿಕಾಪ್ಟರ್ ದಾರಿಯ ಅಪಾಯದ ಭಾಗವನ್ನು ಮುಚ್ಚಿದ್ದು ಹೆಣಗಳನ್ನು ನದಿಯಿಂದ ಎತ್ತಿದ ಮೇಲೆ.

ಅಂದು ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿದಾಗ ನಾನು ಹೆಮ್ಮೆಯಿಂದ ಐದು ಹೆಲಿಕಾಪ್ಟರ್ ಎಣಿಸಿದ್ದೆ. ‘ಏಳು,’ ಅಂದ ಗೆಳೆಯ, ಕಣ್ಣು ಕೀಳದೆ.